ಸಹಸಂಸ್ಕಾರಕದ ಸೋಮಾರಿ ಲೆಕ್ಕ

ಫ್ಲೋಟಿಂಗ್ ಪಾಯಿಂಟ್ ಲೆಕ್ಕಗಳಿಗೆಂದು ಇಂಟೆಲ್ 1980ರಲ್ಲಿ ತಂದ 8087 ಸಹಸಂಸ್ಕಾರಕದಲ್ಲಿ ತಲಾ 80 ಬಿಟ್‌ಗಳ ಎಂಟು ರಿಜಿಸ್ಟರುಗಳಿದ್ದವು. ಹಲವು ಪ್ರೋಗ್ರಾಮುಗಳು ಸರದಿಯಲ್ಲಿ ಓಡುವಾಗ ಇವನ್ನು ಪ್ರತಿ ಸಲ ಉಳಿಸಿ ತುಂಬುವುದು ದುಬಾರಿ. ಆದ್ದರಿಂದ ಮುಂದೆ ಕರ್ನೆಲ್ ಬರೆದವರು ಒಂದು ಉಪಾಯ ಹೂಡಿದರು. ಹಳೆಯ ಪ್ರೋಗ್ರಾಮಿನ ಅಂಕಿಗಳನ್ನು ಅಲ್ಲಿಯೇ ಬಿಡುವುದು. ಹೊಸದು ಸಹಸಂಸ್ಕಾರಕವನ್ನು ಮುಟ್ಟಿದಾಗ ಏಳನೆಯ ಎಕ್ಸೆಪ್ಷನ್ ಏಳುತ್ತದೆ, ಅದಲುಬದಲು ಆಗ ಮಾತ್ರ.

ಅಂದಿಗೆ ಇದು ಜಾಣತನವೇ. ಹೆಚ್ಚಿನ ಪ್ರೋಗ್ರಾಮುಗಳಿಗೆ ಅಂಥ ಲೆಕ್ಕವೇ ಬೇಕಿರಲಿಲ್ಲ. ಆದರೆ ಈಗ ಮೆಮೊರಿಯ ನಕಲಿಗೂ ಗೂಢಲಿಪಿಗೂ ಇದೇ ಘಟಕದ ವಿಶಾಲ ರಿಜಿಸ್ಟರುಗಳು ಬೇಕು. ಉಳಿತಾಯ ಹೋಯಿತು, ಎಕ್ಸೆಪ್ಷನ್ನಿನ ಖರ್ಚು ಉಳಿಯಿತು! ಲಾಭವಿಲ್ಲವೆಂದು ಕಂಡ ಲಿನಕ್ಸ್ 2016ರಲ್ಲಿ, 4.6ನೆಯ ಆವೃತ್ತಿಯಿಂದ, ತಕ್ಷಣ ಬದಲಿಸುವ ಕ್ರಮವನ್ನೇ ರೂಢಿಯಾಗಿಸಿತು.

ನಿಜವಾದ ಕೇಡು ಹೊರಬಿದ್ದದ್ದು 2018ರ ಜೂನ್‌ನಲ್ಲಿ. ಇಂಟೆಲ್ ಕೋರ್ ಸಂಸ್ಕಾರಕಗಳು ಎಕ್ಸೆಪ್ಷನ್ ಏಳುವ ಮೊದಲೇ ಮುಂದಿನ ಆದೇಶಗಳನ್ನು ಊಹೆಯಿಂದ ನಡೆಸಿಬಿಡುತ್ತವೆ. ಹೀಗಾಗಿ ಬಿಟ್ಟುಹೋದ ಅಂಕಿಗಳನ್ನು ಬೇರೊಂದು ಪ್ರೋಗ್ರಾಮು ಕ್ಯಾಷ್‌ನ ಜಾಡು ಹಿಡಿದು ಓದಬಹುದು. ಅವು ಗೂಢಲಿಪಿಯ ಕೀಲಿಗಳಾಗಿದ್ದರೆ? ಈ ಉಪಾಯವನ್ನು ಇಂದಿಗೂ ಮಿತವ್ಯಯದ ಮಾದರಿಯೆಂದು ಕಲಿಸುವುದು ತಪ್ಪು ಎನ್ನಲು ಇಷ್ಟು ಸಾಕು.

ನೀವು ಡ್ರೈವರ್ ಬರೆಯುವವರಾದರೆ ಇನ್ನೊಂದು ತೊಡಕಿದೆ. ಲಿನಕ್ಸ್‌ನ ರೈಡ್-6 ಭಾಗ ಪ್ಯಾರಿಟಿ ಲೆಕ್ಕಕ್ಕೆ ಈ ರಿಜಿಸ್ಟರುಗಳನ್ನು ಬಳಸುತ್ತದೆ. ಮೊದಲು ‘ಕರ್ನೆಲ್ ಎಫ್‌ಪಿಯು ಬಿಗಿನ್’, ಮುಗಿದೊಡನೆ ‘ಎಂಡ್’ ಕರೆಯುತ್ತದೆ. ಇವೆರಡರ ನಡುವೆ ಡ್ರೈವರ್ ನಿದ್ರಿಸುವಂತಿಲ್ಲ. ಕರೆ ಮರೆತು ಅಸೆಂಬ್ಲಿಯಲ್ಲಿ ಬರೆದರೆ ಕಂಪೈಲರು ಎಚ್ಚರಿಸುವುದಿಲ್ಲ. ಯಾವುದೋ ಪ್ರೋಗ್ರಾಮಿನ ಉತ್ತರ ಸದ್ದಿಲ್ಲದೆ ತಪ್ಪಾಗುತ್ತದೆ.