ಆಕಾಶದಲ್ಲೂ ಒಂದು ಕೇರಿ

ನನ್ನ ಎಣಿಕೆಯಲ್ಲಿ ಕನ್ನಡದಲ್ಲಿ ಅತಿ ಹೆಚ್ಚು ಜನ ಓದುವ, ಓದಿಸಿ ಕೇಳುವ ಪುಸ್ತಕ ಪಂಚಾಂಗ. ಕುಮಾರವ್ಯಾಸನನ್ನು ಗಮಕಿಗಳು ಓದಿದರು, ಕುವೆಂಪು ಅವರನ್ನು ಕಾಲೇಜಿನವರು ಓದಿದರು, ನಮ್ಮ ಬಂಡಾಯದ ಪದ್ಯಗಳನ್ನು ನಾವು ನಾವೇ ಓದಿಕೊಂಡೆವು. ಪಂಚಾಂಗ ಮಾತ್ರ ಅಕ್ಷರ ಬಾರದವರ ಮನೆಯ ಗೋಡೆಯ ಮೊಳೆಗೂ ನೇತುಬಿದ್ದಿದೆ. ಯುಗಾದಿ ಹತ್ತಿರ ಬಂತೆಂದರೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬೇವು ಮಾವಿನ ಸೊಪ್ಪಿನ ಆಸುಪಾಸಿನಲ್ಲೇ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಸಿಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗ್ರಂದಿಗೆ ಅಂಗಡಿಗಳಲ್ಲಿ ಕರ್ಪೂರ, ಊದಿನಕಡ್ಡಿಯ ಜೊತೆ ಸಿಗುತ್ತದೆ. ಇಷ್ಟು ಜನರ ತಲೆಯೊಳಗೆ ಕೂತಿರುವ ಪುಸ್ತಕವನ್ನು ನಮ್ಮ ವಿಮರ್ಶಕರು ಒಂದು ಕೃತಿ ಎಂದು ಹಿಡಿದು ಓದಿದ್ದನ್ನು ನಾನು ಕಂಡಿಲ್ಲ. ನವ್ಯರ ಪ್ರತಿಮೆ, ಸಂಕೇತ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು, ಶನಿ ಎಂಬ ಪ್ರತಿಮೆಯನ್ನು ಯಾರು ಕಟ್ಟಿದರು, ಯಾರ ಮೈಬಣ್ಣ ಬಳಿದು ಕಟ್ಟಿದರು ಎಂದು ಕೇಳಬಹುದಿತ್ತು.

ಮೊದಲು ಅದರ ಭಾಷೆ ನೋಡಿ. ರಾಶಿಫಲ ಯಾರನ್ನು ಕುರಿತು ಮಾತಾಡುತ್ತದೆ? ಸ್ಥಿರಾಸ್ತಿ ಖರೀದಿ, ವಾಹನ ಯೋಗ, ವ್ಯವಹಾರದಲ್ಲಿ ಲಾಭ, ಸರ್ಕಾರಿ ಕೆಲಸದಲ್ಲಿ ವಿಳಂಬ, ದಾಯಾದಿಗಳಿಂದ ಮನಸ್ತಾಪ. ದಾಯಾದಿ ಜಗಳವಾಡೋದಕ್ಕೆ ಮೊದಲು ಜಮೀನು ಇರಬೇಕಲ್ಲ. ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿಯಲು ಹೋಗುವ, ಶುಂಠಿ ಕೀಳಲು ಹೋಗುವ ಹೆಂಗಸಿನ ಬದುಕಿನಲ್ಲಿ ಇದರಲ್ಲಿ ಒಂದೂ ಇಲ್ಲ. ಹಾಗಂತ ನಾವು ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದ್ದೇವೆ. ‘ಸೇವಕ ವರ್ಗದಿಂದ ತೊಂದರೆ’ ಅನ್ನುತ್ತದಲ್ಲ, ಆ ತೊಂದರೆ ನಾವೇ. ಕೂಲಿ ಜಾಸ್ತಿ ಕೇಳಿದ ದಿನ ನಾವು ಒಡೆಯನ ಗ್ರಹಚಾರವಾಗಿ ಅಚ್ಚಾಗುತ್ತೇವೆ.

ಪ್ರತಿ ರಾಶಿಗೂ ಅದು ಆದಾಯ ಇಷ್ಟು, ವ್ಯಯ ಇಷ್ಟು ಎಂದು ಅಂಕಿ ಕೊಡುತ್ತದೆ. ಅಂಕಿ ಬರುವುದು ರಾಶಿಯ ಒಡೆಯ ಗ್ರಹದ ಲೆಕ್ಕದಿಂದ. ಮೇಷಕ್ಕೂ ವೃಶ್ಚಿಕಕ್ಕೂ ಕುಜನೇ ಒಡೆಯ, ಹಾಗಾಗಿ ಇಬ್ಬರಿಗೂ ಆದಾಯ ಒಂದೇ. ಸಕಲೇಶಪುರದ ಕಾಫಿ ತೋಟದ ಮಾಲೀಕ ಮೇಷವಾಗಿ, ಅವನ ಲೈನ್ ಮನೆಯ ಆಳು ವೃಶ್ಚಿಕವಾಗಿದ್ದರೆ ಇಬ್ಬರ ವರಮಾನವೂ ಸಮ! ನಮ್ಮ ಸಮಾಜವಾದಿಗಳಿಗೂ ಸಾಧ್ಯವಾಗದ ಸಮಾನತೆಯನ್ನು ಪಂಚಾಂಗ ಒಂದು ಸಾಲಿನಲ್ಲಿ ಸಾಧಿಸಿಬಿಟ್ಟಿದೆ.

ಇನ್ನು ಅದರ ರಾಜ್ಯಾಂಗ. ಯುಗಾದಿ ದಿನ ಗುಡಿಯಲ್ಲಿ ಪಂಚಾಂಗ ಶ್ರವಣ ನಡೆಯುತ್ತದೆ. ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ ಯಾರು ಎಂದು ಓದುತ್ತಾರೆ. ಒಟ್ಟು ಒಂಬತ್ತು ನಾಯಕರು. ಕೇಳುವವರು ಭಯಭಕ್ತಿಯಿಂದ ಕೇಳುತ್ತಾರೆ. ಈ ರಾಜನನ್ನು ಆರಿಸುವ ಗುಟ್ಟು ಗೊತ್ತೇ? ಯುಗಾದಿ ಯಾವ ವಾರ ಬೀಳುತ್ತದೋ ಆ ವಾರದ ಗ್ರಹವೇ ರಾಜ. 2024ರ ಏಪ್ರಿಲ್ 9 ಮಂಗಳವಾರ, ರಾಜ ಕುಜ. 2025ರ ಮಾರ್ಚ್ 30 ಭಾನುವಾರ, ರಾಜ ಸೂರ್ಯ. ಮೇಷ ಸಂಕ್ರಮಣದ ವಾರ ಮಂತ್ರಿಯದು. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಹೋಗುವ ವಾರ ಮೋಡಗಳ ಒಡೆಯನದು. ಅಷ್ಟೇ. ಒಂದನೇ ಕ್ಲಾಸಿನ ಮಗು ವಾರ ಹೇಳಿದಂತೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆ ವರ್ಷ ಪೆಸಿಫಿಕ್ ಸಾಗರದ ನೀರು ಕಾದು ಎಲ್ ನಿನೊ ಎದ್ದಿತ್ತು. ಯುಗಾದಿ ಬುಧವಾರ ಬಿದ್ದಿದ್ದಕ್ಕೂ ಅದಕ್ಕೂ ಏನು ಸಂಬಂಧ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆರನೇ ಶತಮಾನದ ವರಾಹಮಿಹಿರ ಬರೆದ ‘ಬೃಹಜ್ಜಾತಕ’ ಈ ಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದು. ಅದರ ಎರಡನೇ ಅಧ್ಯಾಯದಲ್ಲಿ ಗ್ರಹಗಳಿಗೆ ಜಾತಿ ಹಂಚಿದ್ದಾರೆ. ಗುರು, ಶುಕ್ರ ಬ್ರಾಹ್ಮಣರು. ಸೂರ್ಯ, ಕುಜ ಕ್ಷತ್ರಿಯರು. ಚಂದ್ರ ವೈಶ್ಯ, ಬುಧ ಶೂದ್ರ. ಶನಿ? ಶನಿ ಅಂತ್ಯಜ. ಗ್ರಹಗಳಿಗೆ ಹುದ್ದೆಯೂ ಉಂಟು: ರವಿ ಚಂದ್ರರು ರಾಜರು, ಕುಜ ದಂಡನಾಯಕ, ಬುಧ ರಾಜಕುಮಾರ, ಗುರು ಶುಕ್ರರು ಮಂತ್ರಿಗಳು, ಶನಿ ಆಳು. ಇರುವ ಜಾಗ ಹೇಳುವಾಗ ಸೂರ್ಯನಿಗೆ ದೇವಸ್ಥಾನ, ಗುರುವಿಗೆ ಖಜಾನೆ, ಶುಕ್ರನಿಗೆ ಶಯನಗೃಹ ಕೊಟ್ಟು ಶನಿಗೆ ಕಸದ ತಿಪ್ಪೆ ಕೊಟ್ಟರು. ಉಡಲು ಹರಕು ಬಟ್ಟೆ. ಲೋಹ ಕಬ್ಬಿಣ. ದೊಡ್ಡ ಹಲ್ಲು, ಒರಟು ಕೂದಲು, ಸೋಮಾರಿ.

ಗೆಳೆಯರೇ, ಇದು ಯಾವ ಗ್ರಹದ ವರ್ಣನೆ? ನಮ್ಮೂರ ಗೌಡರ ಜಗಲಿ ಮೇಲೆ ಕೂತು ನಮ್ಮ ಅಜ್ಜನ ಬಗ್ಗೆ ಆಡುತ್ತಿದ್ದ ಮಾತಿಗೂ ಇದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ. ಊರು ಕಟ್ಟಿದ ಹಾಗೇ ಆಕಾಶವನ್ನೂ ಕಟ್ಟಿದ್ದಾರೆ. ಮಧ್ಯೆ ಅಗ್ರಹಾರ, ಆಚೆ ಕೋಟೆ, ಕೊನೆಗೆ ತಿಪ್ಪೆ ಪಕ್ಕದಲ್ಲಿ ಕೇರಿ. ಕತ್ತಿ, ಗುದ್ದಲಿ, ನೇಗಿಲ ಗುಳ ಎಲ್ಲವೂ ಕಬ್ಬಿಣವೇ. ದುಡಿಯುವವನ ಲೋಹವೇ ಅನಿಷ್ಟದ ಲೋಹವಾಯಿತು. ಶನಿ ಸೂರ್ಯನ ಮಗನೇ, ಆದರೆ ಹೆತ್ತವಳು ಛಾಯೆ, ನೆರಳು. ನಮ್ಮ ನೆರಳು ಬಿದ್ದರೆ ಮೈಲಿಗೆ ಎಂದವರ ಪುರಾಣದಲ್ಲಿ ನೆರಳಿನ ಮಗ ಅನಿಷ್ಟನಾಗದೆ ಇನ್ನೇನಾದಾನು? ರಾಹುವನ್ನಂತೂ ಚಂಡಾಲ ಎಂದೇ ಕರೆದರು. ಗುರುವಿನ ಜೊತೆ ರಾಹು ಒಂದೇ ರಾಶಿಯಲ್ಲಿ ಕೂತರೆ ಅದಕ್ಕೆ ‘ಗುರು ಚಂಡಾಲ ಯೋಗ’ ಅಂತ ಹೆಸರು. ಇವತ್ತಿಗೂ ಟೀವಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಆ ಹೆಸರನ್ನು ಸಲೀಸಾಗಿ ಹೇಳುತ್ತಾರೆ, ಯಾರಿಗೂ ನಾಲಿಗೆ ತೊದಲುವುದಿಲ್ಲ. ಬ್ರಾಹ್ಮಣನ ಪಕ್ಕ ಹೊಲೆಯ ಕೂತದ್ದೇ ದೋಷ, ಅದಕ್ಕೆ ಶಾಂತಿ ಆಗಬೇಕು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಕ್ಕೆ ಹೋದರೆಂದು ದಂಡ ಹಾಕಿದರಲ್ಲ, ಅದೂ ಇದೇ ವ್ಯಾಕರಣ.

ತಮಾಷೆ ಏನೆಂದರೆ ಈ ಜಾತಿ ಹಂಚಿಕೆ ರಾಶಿಗಳಿಗೂ ಉಂಟು. ಮದುವೆಗೆ ಕೂಟ ನೋಡುವಾಗ ಮೂವತ್ತಾರರಲ್ಲಿ ಒಂದು ಅಂಕ ‘ವರ್ಣ’ಕ್ಕೆ. ಕರ್ಕಾಟಕ, ವೃಶ್ಚಿಕ, ಮೀನ ಬ್ರಾಹ್ಮಣ ರಾಶಿಗಳು. ನಮ್ಮಕ್ಕನದು ಮೀನ. ಹಾಗಾಗಿ ಅವಳು ಮೇಲೆ ಬ್ರಾಹ್ಮಣಳು, ಕೆಳಗೆ ಊರ ಹೋಟೆಲಿನಲ್ಲಿ ಪ್ಲಾಸ್ಟಿಕ್ ಲೋಟದವಳು. ಕೂಟ ನೋಡಿದವರು ಅಂಕ ಕೊಟ್ಟು ದಕ್ಷಿಣೆ ಇಸಕೊಂಡರು, ಕೈಗೆ ಕೈ ತಾಗದ ಹಾಗೆ.

ಶನಿಯ ಭಯವನ್ನು ಲೆಕ್ಕ ಹಾಕಿ ನೋಡಬೇಕು. ಆತ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ, ಸುತ್ತು ಮುಗಿಸಲು ಇಪ್ಪತ್ತೊಂಬತ್ತೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ ವರ್ಷದ ಸಾಡೇಸಾತಿ. ಅಂದರೆ ಯಾವ ಹೊತ್ತಿನಲ್ಲಿ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಶನಿಕಾಟ. ಅಷ್ಟಮ ಶನಿ, ಪಂಚಮ ಶನಿ, ಅರ್ಧಾಷ್ಟಮ ಶನಿ ಎಂದು ಇನ್ನು ಮೂರು ಸೇರಿಸಿ. ಆರು ರಾಶಿ. ಅರ್ಧ ಹಾಸನ ಜಿಲ್ಲೆ ಯಾವತ್ತೂ ಶನಿಯ ಗಿರಾಕಿ! ಬೀಜದ ಅಂಗಡಿಯವನಿಗೂ ಇಂಥ ಗ್ಯಾರಂಟಿ ವ್ಯಾಪಾರ ಇಲ್ಲ.

ಅದೂ ಶನಿ ಯಾವಾಗ ಬಂದ ಎಂಬುದರಲ್ಲೇ ಒಮ್ಮತವಿಲ್ಲ. ದೃಗ್ಗಣಿತದ ಪ್ರಕಾರ ಶನಿ ಕುಂಭಕ್ಕೆ ಬಂದದ್ದು 2023ರ ಜನವರಿ 17ರಂದು. ಕಾರೈಕಾಲಿನ ತಿರುನಳ್ಳಾರ್ ಶನಿ ದೇವಸ್ಥಾನದವರು ವಾಕ್ಯ ಪಂಚಾಂಗ ಹಿಡಿದು ಅದೇ ಶನಿಯ ಅದೇ ಸಂಚಾರವನ್ನು ಅದೇ ವರ್ಷದ ಡಿಸೆಂಬರ್ 20ರಂದು ಆಚರಿಸಿದರು. ನಡುವಿನ ಹನ್ನೊಂದು ತಿಂಗಳು ಧನು ರಾಶಿಯವನು ಒಂದು ಪಂಚಾಂಗದಲ್ಲಿ ಬಿಡುಗಡೆಯಾಗಿದ್ದ, ಇನ್ನೊಂದರಲ್ಲಿ ಒಳಗೇ ಇದ್ದ. ಪುಣೆಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರ್ 2008ರಲ್ಲಿ ಒಂದು ಪರೀಕ್ಷೆ ಮಾಡಿದರು. ಜಾಣ ವಿದ್ಯಾರ್ಥಿಗಳದು ನೂರು, ಬುದ್ಧಿ ಬೆಳೆಯದ ಮಕ್ಕಳದು ನೂರು ಜಾತಕ. 27 ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವುದು ಯಾರದು ಹೇಳಿ ಎಂದರು. ಸರಾಸರಿ ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ಆ ಪರೀಕ್ಷೆಯಲ್ಲಿ ಜೊತೆಗಿದ್ದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಗುಂಡಿಕ್ಕಿ ಕೊಂದರು.

ಆದರೆ ಶನಿ ಬರೀ ಭಯವಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಜನ ಪೆದ್ದರು ಎಂದು ಹೇಳಿದಂತಾಗುತ್ತದೆ. ಹಾಸನ, ಮಂಡ್ಯದ ಹಳ್ಳಿಗಳಲ್ಲಿ ‘ಶನಿಪ್ರಭಾವ’ ನಾಟಕ ಆಡದ ಊರು ಕಡಿಮೆ. ಡ್ರಾಮಾ ಮೇಷ್ಟ್ರು ಬಂದು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಲಿಸುತ್ತಾರೆ. ಕೇರಿಯ ಹುಡುಗರು ಸಾಲ ಮಾಡಿ ಸೀನರಿ ತರುತ್ತಾರೆ. ರಾಜಾ ವಿಕ್ರಮ ಶನಿಯನ್ನು ಹೀಯಾಳಿಸುತ್ತಾನೆ. ಆಮೇಲೆ ರಾಜ್ಯ ಹೋಗಿ, ಕಳ್ಳತನದ ಆಪಾದನೆ ಬಂದು, ಕೈಕಾಲು ಕಡಿಸಿಕೊಂಡು ಗಾಣ ತಿರುಗಿಸುತ್ತಾನೆ. ಕರಿ ಬಟ್ಟೆಯ ಶನಿ ಕಾಗೆ ವಾಹನನಾಗಿ ಬಂದು ಸಿಂಹಾಸನದ ಮುಂದೆ ನಿಂತಾಗ ಕೇರಿಯಿಂದ ಏಳುವ ಶಿಳ್ಳೆ ಇದೆಯಲ್ಲ, ಅದು ಭಕ್ತಿಯ ಶಿಳ್ಳೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಒಬ್ಬ ಅಂತ್ಯಜ ರಾಜನನ್ನು ಗಾಣಕ್ಕೆ ಕಟ್ಟುವ ಕತೆ ನಮ್ಮ ರಂಗದ ಮೇಲೆ ಇನ್ನೆಲ್ಲಿದೆ? ಹಾಗಿದ್ದೂ ಕತೆ ಬೆಳಗಿನ ಜಾವಕ್ಕೆ ರಾಜನ ಕಡೆಗೇ ವಾಲುತ್ತದೆ. ಕೈಕಾಲು ಬರುತ್ತವೆ, ರಾಜ್ಯ ಬರುತ್ತದೆ, ಮಂಗಳಾರತಿ. ವಿಕ್ರಮ ಬರುವ ಮೊದಲು ಆ ಗಾಣ ತಿರುಗಿಸುತ್ತಿದ್ದವನು ಯಾರು, ಅವನು ಹೋದ ಮೇಲೆ ತಿರುಗಿಸಿದವನು ಯಾರು ಎಂದು ಕತೆ ಹೇಳುವುದಿಲ್ಲ. ಅವನಿಗೆ ಸಾಡೇಸಾತಿ ಏಳೂವರೆ ವರ್ಷಕ್ಕೆ ಮುಗಿಯಲಿಲ್ಲ. ಬಂಡಾಯದ ನಾಟಕಕಾರರಿಗೆ ಇಲ್ಲೊಂದು ನಾಟಕ ಕಾದಿದೆ.

ನಮ್ಮವ್ವನಿಗೂ ಒಂದು ಆಕಾಶವಿದೆ. “ನಾನು ಹುಟ್ಟಿದ್ದು ಯಾವಾಗವ್ವ” ಅಂದರೆ “ಮಗೆ ಮಳೆ ಹಿಡ್ಕಂಡಿತ್ತು ಕಣ್ಮಗಾ, ರಾಗಿ ಹೊಲ್ದಲ್ಲಿ ಕಳೆ ತೆಗೀತಿದ್ವಿ” ಅಂತಾಳೆ. ಅಪ್ಪನಿಗೆ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದರು, ಅವನ ವಾರಿಗೆಯವರಿಗೆಲ್ಲ ಜೂನ್ 1. ಘಳಿಗೆ ನೋಡಿ ಬರೆದಿಡಲು ಹೆರಿಗೆ ಹೊತ್ತಿನಲ್ಲಿ ನಮ್ಮ ಹಟ್ಟಿಯಲ್ಲಿ ಗಡಿಯಾರ ಎಲ್ಲಿತ್ತು? ಜಾತಕ ಇಲ್ಲದವರಿಗೆ ಹೆಸರಿನ ಮೊದಲ ಅಕ್ಷರ ಹಿಡಿದು ನಕ್ಷತ್ರ ಹೇಳುತ್ತಾರೆ, ಅದು ಬೇರೆ ಕತೆ.

ಅವ್ವನ ಮಳೆ ನಕ್ಷತ್ರಗಳೂ ಸೂರ್ಯನ ಸಂಚಾರವೇ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಇದು ವರ್ಷವರ್ಷವೂ ಸರಿಯಾಗಿ ಅದೇ ತಾರೀಖಿನ ಸುಮಾರಿಗೆ ಬರುತ್ತದೆ, ಆದ್ದರಿಂದಲೇ ಕ್ಯಾಲೆಂಡರ್ ಇಲ್ಲದ ಕಾಲದಲ್ಲೂ ಬಿತ್ತನೆಗೆ ಒದಗಿತು. ಇದನ್ನೂ ನಾನು ಪೂಜೆ ಮಾಡಲು ತಯಾರಿಲ್ಲ. ನಕ್ಷತ್ರ ಮಳೆ ತರುವುದಿಲ್ಲ, ಅದು ತಾರೀಖಿನ ಹೆಸರು. ಈಗ ಮುಂಗಾರು ಹೇಳಿದ ಹೊತ್ತಿಗೆ ಬರುತ್ತಿಲ್ಲ, ಅವ್ವನೂ “ಮಳೆಗೋಳ್ ಹೆಸ್ರೇ ಮರ್ತೋಗವೆ” ಅಂತಾಳೆ. ವ್ಯತ್ಯಾಸ ಇಷ್ಟೇ: ಅವ್ವನ ಮಾತನ್ನು ಹೊಲ ಪ್ರತಿ ವರ್ಷ ಪರೀಕ್ಷೆ ಮಾಡುತ್ತದೆ, ತಪ್ಪಾದರೆ ಅವ್ವ ಮಾತು ಬದಲಿಸುತ್ತಾಳೆ. ಜ್ಯೋತಿಷಿಯ ಮಾತು ತಪ್ಪಿದರೆ ಜನ್ಮ ಸಮಯ ತಪ್ಪಿರುತ್ತದೆ. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಿದ್ದಾಗ ಎಷ್ಟು ಮನೆಗಳಲ್ಲಿ ಶನಿಗೆ ಎಳ್ಳೆಣ್ಣೆ ಹೊತ್ತಿಸಿದರು! 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಬರ ತಂದದ್ದೂ ಅದೇ ರೋಗಾಣು. ಎಳ್ಳೆಣ್ಣೆ ಹೊತ್ತಿಸಿದ್ದರಿಂದ ಬೀಜ ಮಾರಿದವನನ್ನು ಕೇಳಬೇಕಾದ ಪ್ರಶ್ನೆ ಶನಿಯ ಕಡೆ ತಿರುಗಿತು. ಇದೇ ಈ ಪುಸ್ತಕ ಮಾಡುವ ದೊಡ್ಡ ಕೆಲಸ.

ಅಮಾವಾಸ್ಯೆ, ಗ್ರಹಣದ ಮಾತೂ ಹೀಗೇ. ಬೆಳದಿಂಗಳು ನಮಗೆ ಕಣದ ದೀಪವಾಗಿತ್ತು, ಅದರಲ್ಲಿ ರಾಗಿ ತೂರುತ್ತಿದ್ದರು. ಕತ್ತಲನ್ನು ಮಾತ್ರ ಅವರು ವ್ಯಾಪಾರ ಮಾಡಿದರು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟರು. 2017ರಲ್ಲಿ ಬಂದ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಯಾಯಿತು, ಆದರೆ ಜ್ಯೋತಿಷ್ಯವನ್ನೂ ವಾಸ್ತುವನ್ನೂ ಅದರ ಕೈಗೆ ಸಿಗದಂತೆ ಮೊದಲೇ ಹೊರಗಿಟ್ಟಿದ್ದರು. 2001ರಲ್ಲಿ ಯುಜಿಸಿ ಇದನ್ನೇ ಯೂನಿವರ್ಸಿಟಿಗಳಲ್ಲಿ ಕಲಿಸಲು ಹೊರಟಿತು, 2004ರಲ್ಲಿ ಸುಪ್ರೀಂ ಕೋರ್ಟೂ ತಡೆಯಲಿಲ್ಲ. 1976ರಲ್ಲಿ ಬೆಂಗಳೂರು ಯೂನಿವರ್ಸಿಟಿಯಿಂದಲೇ ಪವಾಡ, ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದ್ದ ಎಚ್. ನರಸಿಂಹಯ್ಯನವರ ನಾಡು ಇದು.

ನಮ್ಮ ಜಿಲ್ಲೆಯವರಿಗೆ ನಿಂಬೆಹಣ್ಣಿನ ಜೋಕು ಹೊಸದಲ್ಲ. 2018ರಲ್ಲಿ ಮಂತ್ರಿಯಾಗಿದ್ದ ಎಚ್.ಡಿ. ರೇವಣ್ಣ ದಿನಾ ಹೊಳೆನರಸೀಪುರದಿಂದ ಬೆಂಗಳೂರಿಗೆ ಓಡಾಡುವುದು ಜ್ಯೋತಿಷಿಯ ಮಾತಿಗೆ ಎಂದು ಪತ್ರಿಕೆಗಳು ಬರೆದವು, ಅವರು ತಮಗೆ ಸರ್ಕಾರಿ ಮನೆ ಕೊಟ್ಟಿಲ್ಲ ಎಂದರು. ಅದನ್ನೇ ಹಿಡಿದು ನಗುವುದು ಸುಲಭ, ನಕ್ಕವರಲ್ಲಿ ಎಷ್ಟು ಮಂದಿ ಮಗಳ ಮದುವೆಗೆ ಲಗ್ನ ಕಟ್ಟಿಸಲಿಲ್ಲ? ಕುವೆಂಪು 1966ರಲ್ಲಿ ಮಗನ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಮಾಡಿ ತೋರಿಸಿದ್ದರು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ಊರ ಗುಡಿಗಳಿಗೆ ಕಾಲಿಟ್ಟರು. ಆ ದಿನ ರಾಹುಕಾಲ ಎಷ್ಟು ಹೊತ್ತಿಗಿತ್ತೋ ನಾನು ನೋಡಿಲ್ಲ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಈಗಿನ ವರ್ಷಗಳಲ್ಲಿ ಹಸ್ತ, ಚಿತ್ತಾ ಮಳೆಯ ಹೊತ್ತಿಗೆ, ಮೋಡ ಬಿಟ್ಟ ಸಂಜೆ, ಪೂರ್ವದಲ್ಲಿ ಶನಿ ಬರಿಗಣ್ಣಿಗೇ ಕಾಣುತ್ತದೆ. ಮಿಣುಕುವುದಿಲ್ಲ, ಹಾಗಾಗಿ ಗುರುತು ಹಿಡಿಯಬಹುದು. ಮಕ್ಕಳನ್ನು ಹೊರಗೆ ಕರೆದು ತೋರಿಸಿ, ಬಣ್ಣ ಯಾವುದು ಎಂದು ಅವರನ್ನೇ ಕೇಳಿ. ಕಪ್ಪಲ್ಲ, ತೆಳು ಹಳದಿ, ಜೋಳದ ಕಾಳಿನ ಹಾಗೆ.