ಜಾರುಬಂಡೆಯ ಬುಡದ ಕಟ್ಟೆ

ನಡೆಯಲಾಗದ ಮಗುವೊಂದು ಜಾರುಬಂಡೆಯಿಂದ ಸರ್ರನೆ ಇಳಿಯಿತು ಎನ್ನಿ. ಅದರ ವೀಲ್‌ಚೇರ್ ಮೇಲೆಯೇ ಉಳಿದಿದೆ. ಯಾರಾದರೂ ಅದನ್ನು ತರುವವರೆಗೆ ಮಗು ನೆಲದ ಮೇಲೇ ಇರಬೇಕು, ಹಿಂದೆ ಜಾರಿ ಬರುವವರಿಗೆ ಅಡ್ಡವಾಗಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 2015ರಲ್ಲಿ ತೆರೆದ ಮ್ಯಾಜಿಕಲ್ ಬ್ರಿಜ್ ಆಟದ ಅಂಗಳವನ್ನು ರೂಪಿಸಿದವರು ಈ ಗಳಿಗೆಯನ್ನೂ ಯೋಚಿಸಿದ್ದಾರೆ. ಜಾರುಬಂಡೆಯ ಬುಡಕ್ಕೆ ತಾಗಿಕೊಂಡೇ ಅಲ್ಲೊಂದು ಕಟ್ಟೆಯಿದೆ. ಮಗು ಪಕ್ಕಕ್ಕೆ ಸರಿದು, ನೆಟ್ಟಗೆ ಕೂತು, ಮಿಕ್ಕವರ ಆಟ ನೋಡುತ್ತ ಕಾಯಬಹುದು. ಇಡೀ ಅಂಗಳದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕಟ್ಟೆಯೇ.

ಕಾನೂನು ಇಷ್ಟನ್ನು ಕೇಳುವುದಿಲ್ಲ. ಅಂಗವಿಕಲರ ಪ್ರವೇಶಕ್ಕಾಗಿ ಅಮೆರಿಕ ರೂಪಿಸಿದ 2010ರ ಮಾನದಂಡಗಳ ಪ್ರಕಾರ, ಎತ್ತರದಲ್ಲಿರುವ ಆಟದ ಸಲಕರಣೆಗಳು 20ಕ್ಕಿಂತ ಕಡಿಮೆಯಿದ್ದರೆ ರ‍್ಯಾಂಪ್ ಕಡ್ಡಾಯವಲ್ಲ. ಗಾಲಿಕುರ್ಚಿಯಿಂದ ಸರಿದು ಕೂರಲು ತಗ್ಗಿನ ಜಗಲಿ, ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಇದ್ದರೆ ಸಾಕು. ಜೊತೆಯವರು ಓಡಿ ಹತ್ತುವಾಗ ಈ ಮಗು ತೆವಳಿಕೊಂಡು ಹತ್ತಬೇಕು. ಲೆಕ್ಕಕ್ಕೆ ಎಲ್ಲ ಸರಿ, ಆಟದಲ್ಲಿ ಮಾತ್ರ ಮಗು ಒಂಟಿ.

ಮಗಳಿಗೆ ಆಡುವ ಜಾಗ ಸಿಗದೆ ಒಲೆಂಕಾ ವಿಲರಿಯಲ್ ಮುಂದೆ ನಿಂತು ಕಟ್ಟಿಸಿದ ಮ್ಯಾಜಿಕಲ್ ಬ್ರಿಜ್ ಅಂಗಳದಲ್ಲಾದರೆ ಎರಡಂತಸ್ತಿನ ಆಟದ ಮನೆಗೆ ರ‍್ಯಾಂಪಿನಲ್ಲೇ ಹೋಗಬಹುದು. ತಿರುಗಣಿ ನೆಲದ ಮಟ್ಟಕ್ಕೇ ಇರುವುದರಿಂದ ಗಾಲಿಕುರ್ಚಿ ಸಮೇತ ಏರಬಹುದು. ಗದ್ದಲ ತಾಳದ ಮಗುವಿಗೆ ಒಳಹೊಕ್ಕು ಸುಮ್ಮನೆ ಕೂರುವ ಗೂಡುಗಳಿವೆ. ‘ವಿಶೇಷ ಮಕ್ಕಳ’ ಮೂಲೆ ಅಂತ ಬೇರೆ ಇಲ್ಲ ಎಂಬುದೇ ಇದರ ಗೆಲುವು.

ಆದರೆ ಇದಕ್ಕೆ ವರ್ಷಗಟ್ಟಲೆ ಚಂದಾ ಎತ್ತಬೇಕಾಯಿತು, ಅದೂ ಸಿರಿವಂತರ ಊರಿನಲ್ಲಿ. ಹಾಗಾಗಿ ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಕಿಲಿಕಿಲಿ ಸಂಸ್ಥೆ ಪಾಲಿಕೆಯ ಜೊತೆಗೂಡಿ ಮಾಡಿದ ಕೆಲಸ ನಮಗೆ ಹೆಚ್ಚು ಹತ್ತಿರದ್ದು: ಇರುವ ಸಾರ್ವಜನಿಕ ಉದ್ಯಾನವನ್ನೇ ಎಲ್ಲ ಮಕ್ಕಳಿಗೂ ಒಗ್ಗಿಸುವುದು. ಅದು ವಾರ್ಡಿಗೊಂದರಂತೆ ಹಬ್ಬಬೇಕು.

ಹಬ್ಬುವಾಗ ಅಜ್ಜ–ಅಜ್ಜಿಯರನ್ನೂ ನೆನೆಯಬೇಕು. ನಮ್ಮ ಪಾರ್ಕುಗಳಲ್ಲಿ ವ್ಯಾಯಾಮದ ಸಲಕರಣೆ ಒಂದು ಮೂಲೆ, ಉಯ್ಯಾಲೆ ಇನ್ನೊಂದು ಮೂಲೆ. ಮೊಮ್ಮಗುವನ್ನು ಕರೆತಂದವರಿಗೆ ಪಕ್ಕದಲ್ಲಿ ನೆರಳಿಲ್ಲ, ಕೈಯೂರಿ ಏಳಲು ಹಿಡಿಯಿರುವ ಬೆಂಚಿಲ್ಲ. ಅದಕ್ಕೂ ಮೊದಲು ಬಾಗಿಲು ಸರಿಯಾಗಬೇಕು. ಬೈಕು ನುಗ್ಗದಿರಲೆಂದು ಅನೇಕ ಪಾರ್ಕುಗಳಿಗೆ ಹಾಕಿರುವ ಅಡ್ಡಕಂಬಿಗಳು ಗಾಲಿಕುರ್ಚಿಯನ್ನೂ ಹೊರಗೇ ನಿಲ್ಲಿಸುತ್ತವೆ.