ರೇನಿಯರ್ ಹಿಮದ ವರ್ಷಚಕ್ರ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್, ಕ್ಯಾಸ್ಕೇಡ್ ಶ್ರೇಣಿಯ ಅತಿ ಎತ್ತರದ ಶಿಖರ. ಎತ್ತರ 4,392 ಮೀಟರ್. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಮೋಡವಿಲ್ಲದ ದಿನ ಆಗ್ನೇಯಕ್ಕೆ ಕಾಣುವ ಬಿಳಿಯ ಬೆಟ್ಟ ಇದೇ. ಎತ್ತರದಲ್ಲಿ ಹಿಮಾಲಯದ ಮುಂದೆ ಇದು ಚಿಕ್ಕದು, ಹಿಮದ ಮೊತ್ತದಲ್ಲಿ ಮಾತ್ರ ಬಹಳ ದೊಡ್ಡದು. ಇದರ ದಕ್ಷಿಣ ಮಗ್ಗುಲಲ್ಲಿ ಸುಮಾರು 1,650 ಮೀಟರ್ ಎತ್ತರದಲ್ಲಿರುವ ಪ್ಯಾರಡೈಸ್ ಎಂಬಲ್ಲಿ 1971–72ರ ಋತುವಿನಲ್ಲಿ ಒಟ್ಟು 28.5 ಮೀಟರ್ ಹಿಮ ಬಿತ್ತು. 1998–99ರಲ್ಲಿ ಅದೇ ಶ್ರೇಣಿಯ ಮೌಂಟ್ ಬೇಕರ್‌ನಲ್ಲಿ ಸುಮಾರು 29 ಮೀಟರ್ ಬೀಳುವವರೆಗೂ ಅದೇ ವಿಶ್ವದಾಖಲೆಯಾಗಿತ್ತು. ಈ ಬೆಟ್ಟ ಹತ್ತುವವರು ಹಿಮದ ಆಳದ ಜೊತೆಗೆ ಅದು ಕಂಡ ಬಿಸಿ ಮತ್ತು ಚಳಿಯ ಚರಿತ್ರೆಯನ್ನೂ ಓದಬೇಕು.

ಹಿಮದ ಮೂಲ ಪೆಸಿಫಿಕ್ ಸಾಗರ. ಅರಬ್ಬಿ ಸಮುದ್ರದ ಮೋಡಗಳು ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿದು ಬಯಲುಸೀಮೆಗೆ ಬರುವಷ್ಟರಲ್ಲಿ ಬರಿದಾಗುವಂತೆ, ಪೆಸಿಫಿಕ್‌ನ ತೇವವೂ ಕ್ಯಾಸ್ಕೇಡ್‌ನ ಪಶ್ಚಿಮ ಇಳಿಜಾರಿನಲ್ಲಿ ಖಾಲಿಯಾಗುತ್ತದೆ. ಪೂರ್ವದ ಯಾಕಿಮಾ ಕಣಿವೆಯಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಮಾತ್ರ.

ಬೆಟ್ಟದ ಮೇಲೆ ಬೀಳುವುದು ಮಳೆಯೋ ಹಿಮವೋ ಎಂಬುದನ್ನು ನಿರ್ಧರಿಸುವುದು ಶೂನ್ಯ ಡಿಗ್ರಿ ಮಟ್ಟ, ಅಂದರೆ ಗಾಳಿಯ ತಾಪಮಾನ ಸೊನ್ನೆಗೆ ಇಳಿಯುವ ಎತ್ತರ. ಪ್ರತಿ ಸಾವಿರ ಮೀಟರ್ ಏರಿದಾಗ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೀಗಾಗಿ ಗಾಳಿ ಎರಡು ಮೂರು ಡಿಗ್ರಿ ಬಿಸಿಯಾದರೂ ಆ ಮಟ್ಟ ನೂರಾರು ಮೀಟರ್ ಮೇಲೇರುತ್ತದೆ. ಉಷ್ಣವಲಯದಿಂದ ತೇವ ಹೊತ್ತು ಬರುವ ಬೆಚ್ಚನೆಯ ಗಾಳಿಯ ಹರಿವು ಶರತ್ಕಾಲದಲ್ಲಿ ಅಪ್ಪಳಿಸಿದರೆ ಎತ್ತರದ ಇಳಿಜಾರುಗಳಲ್ಲೂ ಮಳೆಯೇ. 2006ರ ನವೆಂಬರಿನಲ್ಲಿ 36 ಗಂಟೆಗಳಲ್ಲಿ ಸುಮಾರು 46 ಸೆಂಟಿಮೀಟರ್ ಮಳೆ ಸುರಿದು ರಸ್ತೆಗಳು ಕೊಚ್ಚಿಹೋದವು. ರೇನಿಯರ್ ರಾಷ್ಟ್ರೀಯ ಉದ್ಯಾನ ಆರು ತಿಂಗಳು ವಾಹನಗಳಿಗೆ ಮುಚ್ಚಿತ್ತು.

ಚಳಿಗಾಲದಲ್ಲಿ ಹಿಮ ಪದರ ಪದರವಾಗಿ ಕೂಡುತ್ತದೆ. 1955ರ ಮಾರ್ಚಿನಲ್ಲಿ ಪ್ಯಾರಡೈಸ್‌ನ ನೆಲದ ಮೇಲೆ 9.3 ಮೀಟರ್ ಹಿಮ ನಿಂತಿತ್ತು. ಆದರೆ ಆಳವೊಂದೇ ನೀರಿನ ಲೆಕ್ಕ ಹೇಳುವುದಿಲ್ಲ. ಹೊಸ ಹಿಮದಲ್ಲಿ ಹತ್ತರಲ್ಲೊಂದು ಪಾಲು ನೀರಿದ್ದರೆ, ವಸಂತದ ಕೊನೆಗೆ ಕುಸಿದು ಗಟ್ಟಿಯಾದ ಹಿಮದಲ್ಲಿ ಅರ್ಧದಷ್ಟು ನೀರಿರುತ್ತದೆ. ಇದನ್ನು ಅಳೆಯುವ ದಾರಿ ತೋರಿದವರು ನೆವಾಡಾ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಜೇಮ್ಸ್ ಚರ್ಚ್. 20ನೇ ಶತಮಾನದ ಆರಂಭದಲ್ಲಿ ಮೌಂಟ್ ರೋಸ್ ಬೆಟ್ಟದ ಮೇಲೆ ಅವರು ರೂಪಿಸಿದ ವಿಧಾನ ಸರಳ. ತುದಿಗೆ ಹಲ್ಲುಗಳಿರುವ ಕೊಳವೆಯನ್ನು ತಿರುಗಿಸುತ್ತ ಹಿಮಕ್ಕೆ ಇಳಿಸಿ, ನೆಲದ ಮಣ್ಣು ತಾಗಿದ ಮೇಲೆ ಎತ್ತಿ, ಒಳಗಿನ ಹಿಮದ ಸಮೇತ ತಕ್ಕಡಿಗೆ ತೂಗುಹಾಕಬೇಕು. ಇಂದು ಬಳಕೆಯಲ್ಲಿರುವ ಕೊಳವೆಯ ಬಾಯಿಯ ಅಗಲವನ್ನು, ಒಂದು ಔನ್ಸ್ ತೂಕ ಒಂದು ಇಂಚು ನೀರಿಗೆ ಸಮವಾಗುವಂತೆ ಗೊತ್ತುಪಡಿಸಲಾಗಿದೆ. ಪ್ಯಾರಡೈಸ್‌ನಲ್ಲಿ ಈಗ ಸ್ವಯಂಚಾಲಿತ ಸ್ನೋಟೆಲ್ ಕೇಂದ್ರವೂ ಇದ್ದು, ಅಲ್ಲಿ ಕೂಡಿದ ಹಿಮದ ಭಾರದಿಂದಲೇ ನೀರಿನ ಪ್ರಮಾಣ ದಾಖಲಾಗುತ್ತದೆ.

ವಸಂತದ ಬಿಸಿಲು ಬಿದ್ದ ಕೂಡಲೇ ಹಿಮ ಹೊಳೆಗೆ ಹರಿಯುವುದಿಲ್ಲ. ಮೇಲ್ಪದರದಲ್ಲಿ ಕರಗಿದ ನೀರು ಒಳಗಿಳಿದು, ತಣ್ಣಗಿನ ಪದರಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹಾಗೆ ಹೆಪ್ಪುಗಟ್ಟುವಾಗ ಕಿಲೋಗ್ರಾಂಗೆ 334 ಕಿಲೋಜೂಲ್ ಶಾಖ ಬಿಟ್ಟುಕೊಟ್ಟು ಸುತ್ತಲಿನ ಹಿಮವನ್ನು ಬಿಸಿ ಮಾಡುತ್ತದೆ. ಮೇಲಿನಿಂದ ಬುಡದವರೆಗೆ ಇಡೀ ರಾಶಿ ಶೂನ್ಯ ಡಿಗ್ರಿಗೆ ಬಂದ ಮೇಲಷ್ಟೇ ನೀರು ಹೊರಬೀಳುತ್ತದೆ. ಆಮೇಲೆ ಕರಗುವಿಕೆ ಚುರುಕಾಗುತ್ತದೆ. ಹೊಸ ಹಿಮ ಬಿಸಿಲಿನ ಶೇ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ. ಕೊಳೆಯಾದ ಹಳೆಯ ಹಿಮ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ.

ಜೂನ್, ಜುಲೈ ಶಿಖರಾರೋಹಣದ ತಿಂಗಳುಗಳು. ಆಗ ಹಗಲಿನ ಬಿಸಿಲಿಗಿಂತ ಹಿಂದಿನ ರಾತ್ರಿಯ ಆಕಾಶ ಮುಖ್ಯ. ಆಕಾಶ ತಿಳಿಯಾಗಿದ್ದರೆ, ಗಾಳಿಯ ತಾಪ ಶೂನ್ಯಕ್ಕಿಂತ ತುಸು ಮೇಲಿದ್ದರೂ ಹಿಮದ ಮೈ ಶಾಖ ಹೊರಚೆಲ್ಲಿ ಗಟ್ಟಿಯಾಗುತ್ತದೆ. ಬೂಟಿನಡಿಯ ಕ್ರ್ಯಾಂಪಾನ್ ಮುಳ್ಳು ಕಚ್ಚಿ ನಿಲ್ಲುತ್ತದೆ. ಹಿಮನದಿಯ ಬಿರುಕುಗಳ ಮೇಲಿನ ಹಿಮಸೇತುವೆಗಳು ಭಾರ ತಡೆಯುತ್ತವೆ. ರಾತ್ರಿ ಮೋಡ ಕವಿದಿದ್ದರೆ ಶಾಖ ಹೊರಹೋಗದೆ ಹಿಮ ಮೆತ್ತಗೇ ಉಳಿಯುತ್ತದೆ. 3,100 ಮೀಟರ್ ಎತ್ತರದ ಕ್ಯಾಂಪ್ ಮ್ಯೂರ್‌ನಿಂದ ಚಾರಣಿಗರು ನಡುರಾತ್ರಿಯ ನಂತರ ಹೊರಟು, ಬಿಸಿಲೇರುವ ಮೊದಲೇ ಇಳಿಯತೊಡಗುವುದು ಇದಕ್ಕೇ. ಹಾಗೆಂದು ಬೆಳಗಿನ ಹೊತ್ತು ಪೂರ್ತಿ ಸುರಕ್ಷಿತ ಎನ್ನುವಂತಿಲ್ಲ. 1981ರ ಜೂನಿನ ಒಂದು ಮುಂಜಾನೆ ಇಂಗ್ರಹಾಮ್ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು 11 ಮಂದಿ ಸತ್ತರು.

ಶಿಖರ ತನ್ನ ಹವಾಮಾನದ ಸೂಚನೆಯನ್ನೂ ಕೊಡುತ್ತದೆ. ತುದಿಯ ಮೇಲೆ ನಯವಾದ ಮಸೂರದಾಕಾರದ ಮೋಡ ಕೂತರೆ, ಮೇಲೆ ತೇವದ ಗಾಳಿ ಬಲವಾಗಿ ಬೀಸುತ್ತಿದೆ ಎಂದರ್ಥ. ಅನೇಕ ಬಾರಿ ಅದರ ಹಿಂದೆಯೇ ಬಿರುಗಾಳಿ ಬರುತ್ತದೆ. ಕ್ಯಾಂಪ್ ಮ್ಯೂರ್ ಕೆಳಗಿನ ಹಿಮದ ಬಯಲಿಗೆ ಮೋಡ ಇಳಿದರೆ ನೆಲ, ಆಕಾಶ ಒಂದೇ ಬಣ್ಣವಾಗಿ ದಿಕ್ಕು ತಪ್ಪುತ್ತದೆ. ದಿಕ್ಸೂಚಿ ಅಥವಾ ಜಿಪಿಎಸ್ ಇಲ್ಲದೆ ಅಲ್ಲಿಗೆ ಕಾಲಿಡಬಾರದು.

ಪ್ಯಾರಡೈಸ್‌ನ ಹಿಮ ಸಾಮಾನ್ಯವಾಗಿ ಜುಲೈ ಮಧ್ಯದ ಹೊತ್ತಿಗೆ ಕರಗಿ ಹುಲ್ಲುಗಾವಲು ಹೂಬಿಡುತ್ತದೆ. 2021ರ ಜೂನ್ ಕೊನೆಯಲ್ಲಿ, ಸಿಯಾಟಲ್‌ನಲ್ಲೇ 42 ಡಿಗ್ರಿ ದಾಖಲಾದ ಬಿಸಿಗಾಳಿಯ ದಿನಗಳಲ್ಲಿ, ಶೂನ್ಯ ಡಿಗ್ರಿ ಮಟ್ಟ ಶಿಖರವನ್ನೂ ದಾಟಿ ಮೇಲೇರಿತ್ತು. ಆಗಸ್ಟ್ ಕಳೆದ ಮೇಲೆ ನಿಸ್ಕ್ವಾಲಿ, ವೈಟ್ ಮೊದಲಾದ ನದಿಗಳಿಗೆ ಹಿಮನದಿಗಳ ಹಳೆಯ ಮಂಜುಗಡ್ಡೆಯೇ ಮುಖ್ಯ ಆಸರೆ. ಸೆಪ್ಟೆಂಬರ್ ಕೊನೆಗೆ ಕರಗದೆ ಉಳಿದ ಹಿಮ ಹಿಮನದಿಯ ಜಮೆ, ಕರಗಿಹೋದ ಹಳೆಯ ಮಂಜುಗಡ್ಡೆ ಅದರ ಖರ್ಚು. ರೇನಿಯರ್‌ನಲ್ಲಿ ದಶಕಗಳಿಂದ ಖರ್ಚೇ ಹೆಚ್ಚಾಗಿ ಹಿಮನದಿಗಳು ಕುಗ್ಗುತ್ತಿವೆ. ಅಕ್ಟೋಬರ್ 1ಕ್ಕೆ ಅಲ್ಲಿನ ಜಲವರ್ಷ, ಅಂದರೆ ನೀರಿನ ಲೆಕ್ಕದ ವರ್ಷ, ಹೊಸದಾಗಿ ಆರಂಭವಾಗುತ್ತದೆ.